ಕೇಳಿದ್ದು ಸಾಕು, ಇನ್ನು ಕೇಳೋಣ

ನಮ್ಮ ಚರ್ಚಿನ ಕನ್ನಡ ಪೂಜೆಯಲ್ಲಿ ತಿಂಗಳಿಗೊಮ್ಮೆ ಮೊದಲ ವಾಚನ ಓದುವ ಸರದಿ ನನ್ನದು. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಏದುಸಿರು ಬಿಡುತ್ತಾ ಓಡಿಬಂದವನು, ಪುಸ್ತಕದಲ್ಲಿ ರಿಬ್ಬನ್ ಎಲ್ಲಿತ್ತೋ ಅಲ್ಲಿಂದಲೇ ಓದಿಬಿಟ್ಟೆ. ರಿಬ್ಬನ್ ಹಿಂದಿನ ವಾರದ ಪುಟದಲ್ಲಿತ್ತು. ಸುಮಾರು ಮುನ್ನೂರು ಜನ ಕೂತಿದ್ದರು, ಒಬ್ಬರೂ ಮಿಸುಕಲಿಲ್ಲ. ಓದಿ ಮುಗಿಸಿದಾಗ ಎಲ್ಲರೂ ಒಕ್ಕೊರಲಿನಿಂದ ಹೇಳಬೇಕಾದ ಉತ್ತರ ಹೇಳಿದರು, ಗಾನವೃಂದ ಕೀರ್ತನೆ ಎತ್ತಿಕೊಂಡಿತು, ಪೂಜೆ ಸುಸೂತ್ರವಾಗಿ ಮುಂದುವರಿಯಿತು. ಗುರುಗಳಿಗೆ ಗೊತ್ತಾಗಿರಬಹುದು, ಪಾಪ, ಏನೂ ಅನ್ನಲಿಲ್ಲ. ಓದಿದ ನನಗೇ ಗೊತ್ತಾಗಿರಲಿಲ್ಲ ಎಂದ ಮೇಲೆ ಉಳಿದವರನ್ನು ಅನ್ನುವುದೇನು? ಹೊರಗೆ ಬಂದು ಬೈಕ್ ತೆಗೆಯುತ್ತಿದ್ದಾಗ ಅಜ್ಜಿಯೊಬ್ಬರು ತೋಳು ಹಿಡಿದು ನಿಲ್ಲಿಸಿದರು. “ಯಾಕಪ್ಪಾ, ಹೋದ್ ವಾರದ್ದೇ ಓದ್‌ಬಿಟ್ಟೆ?”

ಆ ಅಜ್ಜಿಗೆ ಅಕ್ಷರ ಬರುವುದಿಲ್ಲ.

ಅಂದಿನಿಂದ ‘ಕೇಳು’ ಎಂಬ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಕನ್ನಡದಲ್ಲಿ ಆ ಒಂದೇ ಮಾತಿಗೆ ಮೂರು ಕೆಲಸ. ಸಾಲ ಕೇಳುತ್ತೇವೆ. ಹಾಡು ಕೇಳುತ್ತೇವೆ. ದೊಡ್ಡವರ ಮಾತು ಕೇಳುತ್ತೇವೆ, ಇಲ್ಲವೇ ‘ಈ ಹುಡುಗ ಮಾತೇ ಕೇಳಲ್ಲ’ ಎನ್ನಿಸಿಕೊಳ್ಳುತ್ತೇವೆ. ಬೇಡುವುದು, ಆಲಿಸುವುದು, ಹೇಳಿದಂತೆ ನಡೆದುಕೊಳ್ಳುವುದು. ಯೇಸುಸ್ವಾಮಿಯ ಮುಂದೆ ನಾವು ಮೊದಲನೆಯದರಲ್ಲಿ ಪಳಗಿದ ಕೈ. ಮಂಗಳವಾರ ಸಂತ ಅಂತೋಣಿಯವರು, ಬುಧವಾರ ನಿತ್ಯಾಧಾರ ಮಾತೆ, ಗುರುವಾರ ವಿವೇಕನಗರದ ಬಾಲಯೇಸು, ವಾರವಿಡೀ ಅರ್ಜಿ. ಸೀಟು, ಸೈಟು, ಸಂಬಂಧ, ವೀಸಾ. ಅರ್ಜಿ ಹಾಕುವುದು ತಪ್ಪೇನಲ್ಲ, ಕೇಳಿಕೊಳ್ಳಿ ಎಂದು ಯೇಸುವೇ ಹೇಳಿದ್ದಾರೆ. ಉಳಿದೆರಡು ಕೇಳುವಿಕೆಗಳಿಗೆ ನಮ್ಮ ವಾರದಲ್ಲಿ ದಿನವೇ ಇಲ್ಲವಲ್ಲ ಎನ್ನುವುದಷ್ಟೇ ನನ್ನ ತಕರಾರು.

ಅವೆರಡಕ್ಕೆ ಕೆಲವು ಸೂತ್ರಗಳು ಇಲ್ಲಿವೆ. ನಾನು ರ‍್ಯಾಂಕ್ ಬಂದವನಲ್ಲ. ಸಪ್ಲಿಮೆಂಟರಿ ಕಟ್ಟುತ್ತಲೇ ಇರುವವನ ನೋಟ್ಸ್ ಎಂದುಕೊಂಡು ಓದಿ.

1. ಭಾನುವಾರವನ್ನು ಶನಿವಾರ ಸಂಜೆಯೇ ಶುರು ಮಾಡಿ

ಅಜ್ಜಿಯ ಗುಟ್ಟು ಇಷ್ಟೇ. ಪ್ರತಿ ಶನಿವಾರ ಸಂಜೆ ಅವರು ಮೊರದ ತುಂಬ ಹುರುಳಿಕಾಯಿ ಹಾಕಿಕೊಂಡು ನಾರು ಬಿಡಿಸಲು ಕೂರುತ್ತಾರೆ. ಎಂಟನೇ ಕ್ಲಾಸಿನ ಮೊಮ್ಮಗ ಮೊಬೈಲ್ ಕೆಳಗಿಟ್ಟು ಮಾರನೆಯ ದಿನದ ವಾಚನಗಳನ್ನು ಗಟ್ಟಿಯಾಗಿ ಓದಬೇಕು. ಅವನು ಗೊಣಗುತ್ತಾನೆ, ಓಡಿಸುತ್ತಾನೆ, ಊರುಗಳ ಹೆಸರನ್ನು ತಿರುಚುತ್ತಾನೆ. “ನುಂಗಿದ್ರೆ ಇನ್ನೊಂದ್ ಸಲ ಓದಿಸ್ತೀನಿ” ಎಂದರು ಅಜ್ಜಿ. ಹತ್ತು ಹದಿನೈದು ನಿಮಿಷದ ಕೆಲಸ. ಮಾರನೆಯ ದಿನ ಚರ್ಚಿನಲ್ಲಿ ಅದೇ ಮಾತು ಬಿದ್ದಾಗ, ಸಂತೆಯ ಗದ್ದಲದಲ್ಲಿ ಪರಿಚಯದವರ ದನಿ ಕೇಳಿದಂತೆ ಕಿವಿ ತಾನಾಗಿ ತಿರುಗುತ್ತದೆ.

ಯಾವುದನ್ನು ಓದಬೇಕೆಂದು ತಿಳಿಯಲು ಗೋಡೆಯ ಮೇಲಿನ ಧರ್ಮಪ್ರಾಂತ್ಯದ ಕ್ಯಾಲೆಂಡರ್ ಸಾಕು. 1969ರ ಆಗಮನ ಕಾಲದಿಂದ ಭಾನುವಾರದ ಶುಭಸಂದೇಶಗಳು ಮೂರು ವರ್ಷದ ಸುತ್ತಿನಲ್ಲಿ ಬರುತ್ತಿವೆ: ಒಂದು ವರ್ಷ ಮತ್ತಾಯ, ಮುಂದಿನ ವರ್ಷ ಮಾರ್ಕ, ಅದರಾಚೆ ಲೂಕ. ಯೊವಾನ್ನರು ಹೆಚ್ಚಾಗಿ ತಪಸ್ಸುಕಾಲದಲ್ಲಿ, ಪಾಸ್ಖಕಾಲದಲ್ಲಿ ಬರುತ್ತಾರೆ. ಲೆಕ್ಕ ಸುಲಭ. ಇಸವಿಯನ್ನು ಮೂರರಿಂದ ಭಾಗಿಸಿ. ಶೇಷ ಉಳಿಯದಿದ್ದರೆ ಲೂಕರ ವರ್ಷ (2025), ಒಂದು ಉಳಿದರೆ ಮತ್ತಾಯರದು (2026), ಎರಡು ಉಳಿದರೆ ಮಾರ್ಕರದು (2027). ವರ್ಷ ಬದಲಾಗುವುದು ಮಾತ್ರ ಜನವರಿ 1ಕ್ಕಲ್ಲ, ಕ್ರಿಸ್‌ಮಸ್‌ಗೆ ಮುಂಚೆ ಆಗಮನ ಕಾಲದ ಮೊದಲ ಭಾನುವಾರ.

2. ಬೈಗುಳ ತಿಂದ ಭಾಷೆಯಲ್ಲಿ ಓದಿ

ಎರಡನೆಯ ವ್ಯಾಟಿಕನ್ ಮಹಾಸಭೆ (1962-65) ಬಾಗಿಲು ತೆರೆಯುವವರೆಗೆ ನಮ್ಮ ಪೂಜೆ ಲ್ಯಾಟಿನ್ ಭಾಷೆಯಲ್ಲಿತ್ತು. ಗುರುಗಳು ಪೀಠದ ಕಡೆ ಮುಖ ಮಾಡಿ ತಮ್ಮ ಪಾಡಿಗೆ ಪೂಜೆ ನಡೆಸುತ್ತಿದ್ದರು, ಜನ ತಮ್ಮ ಪಾಡಿಗೆ ಜಪಸರ ಎಣಿಸುತ್ತಿದ್ದರು. ಈಗ ಬೆಂಗಳೂರಿನ ಎಷ್ಟೋ ಚರ್ಚುಗಳಲ್ಲಿ ಒಂದೇ ಬೆಳಗ್ಗೆ ಕನ್ನಡ, ತಮಿಳು, ಇಂಗ್ಲಿಷ್ ಪೂಜೆಗಳು ಸಾಲಾಗಿ ನಡೆಯುತ್ತವೆ. ಮಕ್ಕಳು ಇಂಗ್ಲಿಷ್ ಪೂಜೆಗೇ ಹೋಗಲಿ ಎಂಬುದು ಕೆಲವು ಅಪ್ಪ ಅಮ್ಮಂದಿರ ಹಟ. ಹೋಗಲಿ ಬಿಡಿ. ಆದರೆ ಒಬ್ಬರೇ ಕೂತು ಓದುವಾಗ ಚಿಕ್ಕಂದಿನಲ್ಲಿ ಯಾವ ಭಾಷೆಯಲ್ಲಿ ಬೈಸಿಕೊಂಡಿರೋ ಅದರಲ್ಲೇ ಓದಿ. ಕನ್ನಡವೋ ಕೊಂಕಣಿಯೋ ತಮಿಳೋ, ನಿಮ್ಮ ಮನೆಯದು ಯಾವುದೋ ಅದು. ‘ಫರ್ಗಿವ್’ ಎಂದು ಓದಿದರೆ ನನಗೇನೂ ಆಗುವುದಿಲ್ಲ. ‘ನಿನ್ನ ಸೋದರನನ್ನು ಕ್ಷಮಿಸು’ ಎಂಬ ಅರ್ಥದ ಮಾತು ಕನ್ನಡದಲ್ಲಿ ಬಂದರೆ ನಮ್ಮಣ್ಣನ ಮುಖ ಎದುರಿಗೆ ಬಂದು ನಿಲ್ಲುತ್ತದೆ. (ಅಣ್ಣನ ವಿಷಯಕ್ಕೆ ಆಮೇಲೆ ಬರುತ್ತೇನೆ.)

3. ಮೂರು ಪುಟ್ಟ ಶಿಲುಬೆಗಳನ್ನು ನಿಧಾನವಾಗಿ ಹಾಕಿ

ಶುಭಸಂದೇಶ ಓದುವ ಮುನ್ನ ಎದ್ದು ನಿಂತು ಹಣೆ, ತುಟಿ, ಎದೆಯ ಮೇಲೆ ಹೆಬ್ಬೆರಳಿನಿಂದ ಗುರುತು ಹಾಕಿಕೊಳ್ಳುತ್ತೇವಲ್ಲ, ನಮ್ಮಲ್ಲಿ ಬಹಳ ಮಂದಿ ಅದನ್ನು ಸೊಳ್ಳೆ ಓಡಿಸಿದಂತೆ ಮುಗಿಸುತ್ತೇವೆ. ಮನಸ್ಸಿಗೆ, ಬಾಯಿಗೆ, ಹೃದಯಕ್ಕೆ ಎಂದು ಒಂದೊಂದನ್ನೂ ಎಣಿಸಿ ಹಾಕಿ. ಮೂರು ಸೆಕೆಂಡ್ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಎಳೆಗೂಸಿನ ದೀಕ್ಷಾಸ್ನಾನದಲ್ಲಿ ಗುರುಗಳು ಮಗುವಿನ ಕಿವಿ, ಬಾಯಿ ಮುಟ್ಟಿ ಪ್ರಾರ್ಥಿಸುವ ವಿಧಿಯೊಂದಿದೆ. ಮಾರ್ಕರ ಏಳನೇ ಅಧ್ಯಾಯದಲ್ಲಿ ಯೇಸು ಕಿವುಡನೊಬ್ಬನ ಕಿವಿಯೊಳಗೆ ಬೆರಳಿಟ್ಟು ‘ಎಫ್ಫಥಾ’ ಎನ್ನುತ್ತಾರೆ, ಅರಮಾಯಿಕ್‌ನಲ್ಲಿ ‘ತೆರೆದುಕೊ’ ಎಂದು. ಅದರ ನೆನಪು ಅದು. ಮೊದಲು ಕಿವಿ, ಆಮೇಲೆ ಬಾಯಿ. ಕ್ರೈಸ್ತರಾಗಿ ನಮ್ಮ ಆಯಸ್ಸು ಈ ಕ್ರಮದಲ್ಲಿ ಶುರುವಾಗಿದ್ದು. ನಡುವೆ ಎಲ್ಲೋ ಬಾಯಿ ಮುಂದಾಯಿತು.

ಇನ್ನು ಪ್ರಬೋಧನೆ. ಅದು ಎಂಟು ನಿಮಿಷ ಮೀರಬಾರದು, ಮೀರಿದರೆ ಜನ ನಿದ್ದೆ ಹೋಗುತ್ತಾರೆ ಎಂದು ಪೋಪ್ ಫ್ರಾನ್ಸಿಸ್ 2024ರ ಜೂನ್‌ನಲ್ಲಿ ಹೇಳಿದ್ದರು. ನಮ್ಮ ಕಡೆಗೆ ಆ ಸುತ್ತೋಲೆ ಇನ್ನೂ ತಲುಪಿಲ್ಲವೇನೋ. ಎಷ್ಟೇ ಉದ್ದವಾದರೂ ಒಂದು ವಾಕ್ಯವನ್ನಾದರೂ ಹಿಡಿದುಕೊಂಡು ಮನೆಗೆ ಬನ್ನಿ. ತಿಂಡಿ ತಿನ್ನುವಾಗ ಅದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕೆಂಬ ನಿಯಮ ಮಾಡಿಕೊಂಡರೆ ಮೊದಲ ಎರಡು ವಾರ ಇಡ್ಲಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮೂರನೆಯ ವಾರದಿಂದ ಅಭ್ಯಾಸ.

4. ಒಂದೇ ಪದ ಹಿಡಿದು ಮೆಲುಕು ಹಾಕಿ

ಹಸು ಮೇಯುವಾಗ ಗಬಗಬನೆ ನುಂಗುತ್ತದೆ, ಆಮೇಲೆ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತದೆ. ಶುಭಸಂದೇಶ ಓದುವುದಕ್ಕೆ ಹಳೆಯ ಮಠಗಳಲ್ಲೂ ಇದೇ ಹೋಲಿಕೆ ಕೊಡುತ್ತಿದ್ದರು. 12ನೇ ಶತಮಾನದಲ್ಲಿ ಗೀಗೊ ಎಂಬ ಕಾರ್ತೂಸಿಯನ್ ಸನ್ಯಾಸಿ ಅದಕ್ಕೆ ನಾಲ್ಕು ಮೆಟ್ಟಿಲ ಏಣಿ ಹಾಕಿಕೊಟ್ಟರು: ಓದು, ಮನನ, ಪ್ರಾರ್ಥನೆ, ಕೊನೆಗೆ ಸುಮ್ಮನೆ ದೇವರೆದುರು ಕೂರುವುದು. ಹೆಸರು ದೊಡ್ಡದು, ಕೆಲಸ ಚಿಕ್ಕದು.

ಬಾರ್ತಿಮಾಯನ ಕತೆ ತೆಗೆದುಕೊಳ್ಳಿ, ಮಾರ್ಕರ ಹತ್ತನೇ ಅಧ್ಯಾಯ. ಜೆರಿಕೋ ಊರಾಚೆ ದಾರಿಬದಿಯ ಕುರುಡ ಭಿಕ್ಷುಕ ಕೂಗುತ್ತಾನೆ, ಜನ ಗದರುತ್ತಾರೆ, ಯೇಸು ನಿಲ್ಲುತ್ತಾರೆ, ಕುರುಡನಿಗೆ ಕಣ್ಣು ಬರುತ್ತದೆ. ನೂರು ಸಲ ಕೇಳಿದ್ದೇನೆ. ಒಂದು ಸಲ ನಿಧಾನವಾಗಿ ಓದುವಾಗ ಮಾತ್ರ ಅವನು ತನ್ನ ಹೊದಿಕೆಯನ್ನು ಎಸೆದು ಎದ್ದನೆಂಬುದು ಕಣ್ಣಿಗೆ ಬಿತ್ತು. ಬೀದಿಬದಿಯ ಭಿಕ್ಷುಕನಿಗೆ ಹೊದಿಕೆ ಎಂದರೆ ಏನು? ರಾತ್ರಿಯ ಹಾಸಿಗೆ ಅದು. ಹಗಲು ಮುಂದೆ ಹಾಸಿದರೆ ಚಿಲ್ಲರೆ ಬೀಳುವುದೂ ಅದರ ಮೇಲೇ. ಅವನ ಇಡೀ ಆಸ್ತಿ. ಕಣ್ಣು ಬರುವ ಮೊದಲೇ ಅದನ್ನು ಎಸೆದಿದ್ದಾನೆ! ಒಂದು ವೇಳೆ ಕಣ್ಣು ಬರದಿದ್ದರೆ ಆ ಜನಜಂಗುಳಿಯಲ್ಲಿ ಅದನ್ನು ತಡವಿ ಹುಡುಕುವುದು ಹೇಗೆ? ಆ ವಾರವೆಲ್ಲ ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ ಹೊದಿಕೆಯದೇ ಯೋಚನೆ. ನಾನು ಅಪ್ಪಿಕೊಂಡು ಕೂತಿರುವ ಹೊದಿಕೆ ಯಾವುದು ಎಂದು ಯಾರೂ ಬಂದು ಕೇಳಲಿಲ್ಲ, ಪ್ರಶ್ನೆ ತಾನೇ ಬಂತು. ಉತ್ತರವೂ ಗೊತ್ತಿತ್ತು. ಇಲ್ಲಿ ಬರೆಯಲಾರೆ.

5. ನಲ್ಲಿ ನೀರಿನ ಹೊತ್ತನ್ನು ಹಿಡಿಯಿರಿ

ಬಿಡುವು ಸಿಕ್ಕಾಗ ಪ್ರಾರ್ಥನೆ ಮಾಡುತ್ತೇನೆ ಎನ್ನುವವರಿಗೆ ಬಿಡುವು ಸಿಕ್ಕಿದ್ದನ್ನು ನಾನು ಕಂಡಿಲ್ಲ. ಹೊತ್ತು, ಜಾಗ ಎರಡನ್ನೂ ಗೊತ್ತುಮಾಡಿ. ನಮ್ಮ ಬೀದಿಯ ಗೃಹಿಣಿಯೊಬ್ಬರು ಬೆಳಗ್ಗೆ ಐದಕ್ಕೆ ಕಾವೇರಿ ನೀರು ಬಂದಾಗ ಪೈಪ್ ಹಾಕಿ, ಡ್ರಮ್ಮು ತುಂಬುವವರೆಗೆ ಮೆಟ್ಟಿಲ ಮೇಲೆ ಕೂತು ಶುಭಸಂದೇಶ ಓದುತ್ತಾರೆ. ಡ್ರಮ್ಮು ತುಂಬಿ ಹರಿದರೆ ಅಂದು ಓದು ಚೆನ್ನಾಗಿತ್ತು ಎಂದರ್ಥವಂತೆ. ನಾಲ್ಕು ಶುಭಸಂದೇಶಗಳಲ್ಲಿ ಒಟ್ಟು 89 ಅಧ್ಯಾಯ. ದಿನಕ್ಕೊಂದರಂತೆ ಮೂರು ತಿಂಗಳಿಗೆ ಒಂದು ಸುತ್ತು.

ಯೇಸುವಿನ ದಿನಚರಿಯೂ ಹೀಗೇ ಇಕ್ಕಟ್ಟಿನದು. ಕಫೆರ್ನವುಮಿನಲ್ಲಿ ಸಂಜೆ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು, ರೋಗಿಗಳ ಮೇಲೆ ರೋಗಿಗಳು. ಮಾರನೆಯ ದಿನ ಇನ್ನೂ ಕತ್ತಲಿರುವಾಗಲೇ ಎದ್ದು ಒಬ್ಬರೇ ಹೊರಟುಹೋಗಿದ್ದರು. ಹುಡುಕಿಕೊಂಡು ಬಂದ ಪೇತ್ರರಿಗೆ ಸ್ವಲ್ಪ ಸಿಟ್ಟೂ ಬಂದಿತ್ತೆಂದು ಕಾಣುತ್ತದೆ.

ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಬೈಬಲ್ ಆಪ್ ಇದೆಯಲ್ಲ ಎನ್ನಬೇಡಿ. ಆ ಆಪ್‌ನ ನೆರೆಹೊರೆಯವರು ಯಾರ್ಯಾರೆಂದು ನಿಮಗೂ ಗೊತ್ತು.

6. ಜಪಸರವನ್ನು ಓಡಿಸಬೇಡಿ

ಜಪಸರವೆಂದರೆ ಮಣಿಯ ಮೇಲೆ ಪೋಣಿಸಿದ ಶುಭಸಂದೇಶ. 2002ರ ಅಕ್ಟೋಬರ್‌ನಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದ ಮೇಲೆ ಒಟ್ಟು ಇಪ್ಪತ್ತಾದವು. ಅವುಗಳಲ್ಲಿ ಕಾನಾ ಊರಿನ ಮದುವೆಯೂ ಒಂದು. ದ್ರಾಕ್ಷಾರಸ ಮುಗಿದಾಗ ಮರಿಯಮ್ಮನವರು ಮಗನ ಹತ್ತಿರ ಹೋಗಿ ವಿಷಯ ತಿಳಿಸುತ್ತಾರೆ. ಅದು ಮೊದಲನೆಯ ಕೇಳುವಿಕೆ. ಆಮೇಲೆ ಕೆಲಸದಾಳುಗಳ ಕಡೆ ತಿರುಗಿ, ಅವನು ಏನು ಹೇಳುತ್ತಾನೋ ಹಾಗೆ ಮಾಡಿ ಎನ್ನುತ್ತಾರೆ. ಶುಭಸಂದೇಶಗಳಲ್ಲಿ ಆ ತಾಯಿ ಆಡಿದ ಕೊನೆಯ ಮಾತು ಅದೇ. ನಾವು ಸೆಪ್ಟೆಂಬರ್ 8ಕ್ಕೆ ಶಿವಾಜಿನಗರಕ್ಕೆ ಕಾವಿ ಸೀರೆ ಉಟ್ಟು ನಡೆದುಕೊಂಡು ಹೋಗುವವರು ಅವರ ಮೊದಲ ಮಾತನ್ನು ಮಾತ್ರ ನೆಚ್ಚಿಕೊಂಡು ಹೋಗುತ್ತೇವೆ.

7. ದನಿ ಯಾರದು ಎಂದು ಪರೀಕ್ಷಿಸಿ

ಎಲ್ಲಕ್ಕಿಂತ ಕಷ್ಟದ ಸೂತ್ರ ಇದು. ‘ಯೇಸು ನನಗೆ ಹೇಳಿದರು’ ಎಂದು ಶುರುವಾಗುವ ಮಾತಿನಿಂದ ಎಷ್ಟು ಮನೆ ಮುರಿದಿವೆ, ಎಷ್ಟು ಚೀಟಿ ವ್ಯವಹಾರ ನಡೆದಿವೆ! ಒಳಗಿನಿಂದ ಬಂದ ದನಿಯೆಲ್ಲ ಅವರದಲ್ಲ. ಅರ್ಧ ನಮ್ಮ ಆಸೆ, ಕಾಲು ನಮ್ಮ ಭಯ.

1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಇನ್ಯಾಸಿ ಲೊಯೋಲಾ ಎಂಬ ಯೋಧನ ಕಾಲಿಗೆ ಫಿರಂಗಿ ಗುಂಡು ಬಿತ್ತು. ತಿಂಗಳುಗಟ್ಟಲೆ ಹಾಸಿಗೆ. ಓದಲು ವೀರರ ಪ್ರಣಯಕಥೆ ಕೇಳಿದರು. ಮನೆಯಲ್ಲಿದ್ದದ್ದು ಕ್ರಿಸ್ತರ ಚರಿತ್ರೆ ಮತ್ತು ಸಂತರ ಜೀವನಗಳು. ಮಲಗಿದಲ್ಲೇ ಎರಡು ಬಗೆಯ ಹಗಲುಗನಸು. ಒಂದರಲ್ಲಿ ದೊಡ್ಡ ಮನೆತನದ ಹೆಣ್ಣಿಗಾಗಿ ಸಾಹಸ ಮಾಡುವ ಯೋಧ ತಾನು. ಇನ್ನೊಂದರಲ್ಲಿ ಫ್ರಾನ್ಸಿಸ್, ದೊಮಿನಿಕ್ ಮಾಡಿದ್ದನ್ನು ತಾನೂ ಮಾಡಿದಂತೆ. ಕನಸು ಕಾಣುವಾಗ ಎರಡೂ ಸೊಗಸೇ. ಮುಗಿದ ಮೇಲೆ ನೋಡಿದರೆ ಮೊದಲನೆಯದು ಒಣಗಿದ ಬಾಯಿ ಉಳಿಸುತ್ತಿತ್ತು, ಎರಡನೆಯದು ಗಂಟೆಗಟ್ಟಲೆ ನೆಮ್ಮದಿ. ಮುಂದೆ ಅವರು ಕಟ್ಟಿದ ಯೇಸುಸಭೆಯ ಆತ್ಮವಿವೇಚನೆಯ ಪಾಠವೆಲ್ಲ ಈ ಒಂದು ಗಮನಿಸುವಿಕೆಯಿಂದ ಬೆಳೆದದ್ದು.

ನಮ್ಮ ಮಾತಿನಲ್ಲಿ ಹೇಳುವುದಾದರೆ, ಬೀದಿಬದಿಯ ಬೋಂಡ ನಾಲಗೆಗೆ ರುಚಿ, ರಾತ್ರಿ ಎದೆಯುರಿ. ಮುದ್ದೆ ಸೊಪ್ಪಿನ ಸಾರು ತಿನ್ನುವಾಗ ದೊಡ್ಡ ಸಂಭ್ರಮವೇನಿಲ್ಲ, ಮಧ್ಯಾಹ್ನ ಮೂರಕ್ಕೂ ಹೊಟ್ಟೆ ತಣ್ಣಗಿರುತ್ತದೆ. ದೊಡ್ಡ ತೀರ್ಮಾನದ ಮುಂದೆ ನಿಂತಾಗ ಆಮೇಲಿನ ರುಚಿ ನೋಡಿ. ಜೊತೆಗೆ ಇನ್ನೆರಡು ಪರೀಕ್ಷೆ ಮಾಡಿ. ಆ ದನಿ ಶುಭಸಂದೇಶಕ್ಕೆ ಎದುರಾಗಿ ಮಾತಾಡುತ್ತಿದೆಯೇ? ನಿಮ್ಮನ್ನು ಬಲ್ಲ ಗುರುಗಳಿಗೋ ಸಿಸ್ಟರಿಗೋ ಹೇಳಿಕೊಳ್ಳಲು ನಾಚಿಕೆಯಾಗುತ್ತಿದೆಯೇ? ಹೌದಾದರೆ ನಿಲ್ಲಿ. ಬಾಲಕ ಸಮುವೇಲನಿಗೆ ರಾತ್ರಿ ಕರೆದವರು ದೇವರೆಂದು ತಾನಾಗಿ ತಿಳಿಯಲಿಲ್ಲ. ಮೂರು ಸಲ ಎದ್ದು ಓಡಿದ ಮೇಲೆ ಕಣ್ಣು ಮಂಜಾದ ಮುದುಕ ಏಲಿ ಬಿಡಿಸಿ ಹೇಳಬೇಕಾಯಿತು.

8. ಅರ್ಥವಾದಷ್ಟನ್ನು ಇವತ್ತೇ ಮಾಡಿ

ಸುಮಾರು 270ರಲ್ಲಿ ಈಜಿಪ್ಟಿನ ಅಂತೋಣಿ ಎಂಬ ಯುವಕ (ನಮ್ಮ ಡೋರನಹಳ್ಳಿಯ ಅಂತೋಣಿಯವರಲ್ಲ, ಅವರು ಪಾದುವಾದವರು) ಪೂಜೆಗೆ ಹೋದಾಗ, ಇದ್ದುದನ್ನು ಮಾರಿ ಬಡವರಿಗೆ ಕೊಟ್ಟು ಬಾ ಎಂದು ಯೇಸು ಧನಿಕ ಯುವಕನಿಗೆ ಹೇಳಿದ ಭಾಗ ಓದುತ್ತಿದ್ದರು. ನನಗೇ ಹೇಳಿದ್ದು ಎಂದುಕೊಂಡು ಹೊರಗೆ ಬಂದವರು ಜಮೀನು ಬಿಟ್ಟುಕೊಟ್ಟರು. ನೂರು ವರ್ಷಕ್ಕೂ ಹೆಚ್ಚು ಕಾಲದ ನಂತರ, 386ರಲ್ಲಿ, ಮಿಲಾನಿನ ತೋಟದಲ್ಲಿ ಅಳುತ್ತಾ ಕೂತಿದ್ದ ಆಗಸ್ಟೀನರ ತಲೆಯಲ್ಲಿ ಇದೇ ಅಂತೋಣಿಯ ಕತೆ ಓಡುತ್ತಿತ್ತು. ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ.

ತಪ್ಪು ಅರ್ಥವಾದರೆ ಎಂಬ ಭಯ ಬೇಡ. ಸಾನ್ ದಾಮಿಯಾನೋ ಎಂಬ ಪಾಳುಬಿದ್ದ ಗುಡಿಯಲ್ಲಿ, ನನ್ನ ಮನೆಯನ್ನು ದುರಸ್ತಿ ಮಾಡು ಎಂಬ ದನಿ ಅಸ್ಸೀಸಿಯ ಫ್ರಾನ್ಸಿಸರಿಗೆ ಕೇಳಿದಾಗ ಅವರು ಅಕ್ಷರಶಃ ಕಲ್ಲು ಹೊತ್ತರು, ಗಾರೆ ಹಾಕಿದರು. ಮನೆ ಎಂದರೆ ಇಡೀ ಧರ್ಮಸಭೆ ಎಂದು ಗೊತ್ತಾದದ್ದು ಆಮೇಲೆ. ಸರಿಯಾಗಿ ಅರ್ಥವಾಗುವವರೆಗೆ ಕಾದು ಕೂತಿದ್ದರೆ ಕಲ್ಲೂ ಇಲ್ಲ, ಸಭೆಯೂ ಇಲ್ಲ.

9. ಬಚ್ಚಲು, ಅಡುಗೆಮನೆ, ಗಲ್ಲಾಪೆಟ್ಟಿಗೆ

17ನೇ ಶತಮಾನದ ಪ್ಯಾರಿಸ್‌ನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬುವರ ಕೆಲಸ ಅಡುಗೆಮನೆಯಲ್ಲಿ, ಆಮೇಲೆ ಚಪ್ಪಲಿ ಹೊಲಿಯುವುದು. ಪಾತ್ರೆಗಳ ಸದ್ದಿನ ನಡುವೆಯೇ ಅವರ ಪ್ರಾರ್ಥನೆ ನಡೆಯುತ್ತಿತ್ತು. ಲಿಸ್ಯೂವಿನ ಸಂತ ತೆರೇಸಾ (1873-1897) ಬಟ್ಟೆ ಒಗೆಯುವಾಗ ಎದುರಿನ ಸಿಸ್ಟರ್ ಕೊಳಕು ನೀರನ್ನು ಮುಖಕ್ಕೆ ಸಿಡಿಸುತ್ತಿದ್ದರು. ಮುಖ ಒರೆಸಿಕೊಂಡು ತೋರಿಸಿಕೊಡೋಣ ಎಂದು ಮೊದಲು ಅನ್ನಿಸಿತಂತೆ. ಒರೆಸಿಕೊಳ್ಳಲಿಲ್ಲ. ಸೊಸೆ ಒಗೆದಳೋ ಅತ್ತೆ ಒಗೆದಳೋ ಎಂಬ ಮನೆಗಳಲ್ಲಿ ಬದುಕುವ ನಮಗೆ ಇದು ಎಷ್ಟು ದೊಡ್ಡ ಪವಾಡವೆಂದು ಬಿಡಿಸಿ ಹೇಳಬೇಕಿಲ್ಲ.

ಗಲ್ಲಾಪೆಟ್ಟಿಗೆಗೆ ಜಕ್ಕಾಯ ಇದ್ದಾನೆ. ಯೇಸು ಅವನಿಗೆ ಹಣದ ಬಗ್ಗೆ ಒಂದು ಮಾತೂ ಆಡಲಿಲ್ಲ, ನಿನ್ನ ಮನೆಗೆ ಬರುತ್ತೇನೆ ಎಂದರು, ಅಷ್ಟೇ. ಮೋಸ ಮಾಡಿದ್ದರೆ ನಾಲ್ಕರಷ್ಟು ವಾಪಸ್ ಎಂದು ಲೆಕ್ಕ ಬಿಚ್ಚಿದವನು ಜಕ್ಕಾಯನೇ. ಅಂಗಡಿಯಲ್ಲಿ ‘ಬಿಲ್ ಬೇಕಾ, ಬೇಡ್ವಾ?’ ಎಂದು ಕೇಳುವಾಗ, ಗೋಡೆಯ ಮೇಲಿನ ತಿರುಹೃದಯದ ಪಟದ ಕಡೆ ಒಮ್ಮೆ ನೋಡಿ.

10. ಪಾಪನಿವೇದನೆಯಲ್ಲಿ ವಿವರ ಹೇಳಿ

‘ಸುಳ್ಳು ಹೇಳಿದ್ದೇನೆ, ಕೋಪ ಮಾಡಿಕೊಂಡಿದ್ದೇನೆ, ಪ್ರಾರ್ಥನೆ ತಪ್ಪಿಸಿದ್ದೇನೆ’ ಎಂದು ಮೂರನೇ ಕ್ಲಾಸಿನಲ್ಲಿ ಕಲಿತ ಪಟ್ಟಿಯನ್ನು ನಲವತ್ತು ದಾಟಿದ ಮೇಲೂ ಒಪ್ಪಿಸುತ್ತಿದ್ದೆ. ಒಂದು ಆಗಮನ ಕಾಲದಲ್ಲಿ ವಯಸ್ಸಾದ ಗುರುಗಳೊಬ್ಬರು ನಡುವೆ ತಡೆದರು. “ಕೋಪ ಯಾರ್ ಮೇಲಪ್ಪಾ? ಎಷ್ಟ್ ದಿನದಿಂದ?” ನಮ್ಮಣ್ಣನ ಮೇಲೆ, ನಾಲ್ಕು ವರ್ಷದಿಂದ ಎಂದೆ. ಅಪ್ಪ ಬಿಟ್ಟುಹೋದ ಜಾಗದಲ್ಲಿ ಆರಡಿ ಓಣಿ ಯಾರ ಪಾಲಿಗೆ ಎಂಬ ತಕರಾರು. ಅಮ್ಮನ ವರ್ಷದ ಪೂಜೆಯಲ್ಲೂ ನಾವು ಬೇರೆ ಬೇರೆ ಬೆಂಚಿನಲ್ಲಿ ಕೂತಿದ್ದೆವು. ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಪ್ರಾಯಶ್ಚಿತ್ತ ಹೇಳಿದರು: ಮೂರು ನಮೋ ಮರಿಯಾ, ಒಂದು ಫೋನ್.

ನಮೋ ಮರಿಯಾಗಳನ್ನು ಚರ್ಚು ಬಿಡುವ ಮೊದಲೇ ಮುಗಿಸಿದೆ.

11. ಒಬ್ಬರೇ ನಡೆಯಬೇಡಿ

ಎಮ್ಮಾವುಸಿಗೆ ಹೊರಟವರು ಇಬ್ಬರು, ದಾರಿ ಸುಮಾರು 11 ಕಿಲೋಮೀಟರ್. ಮೂರನೆಯವರು ಬಂದು ಸೇರಿಕೊಂಡದ್ದು ಅವರು ಮಾತಾಡುತ್ತಾ ನಡೆಯುತ್ತಿದ್ದಾಗ. ನಿಮ್ಮ ಧರ್ಮಕೇಂದ್ರದ ಕಿರು ಕ್ರೈಸ್ತ ಸಮುದಾಯದ ಸಭೆಗೆ ಹೋಗಿ. ಕಾಫಿ ತಣ್ಣಗಿರುತ್ತದೆ, ಒಬ್ಬರು ಮಾತು ನಿಲ್ಲಿಸುವುದೇ ಇಲ್ಲ. ಆದರೂ ಹೋಗಿ.

12. ವಾರಕ್ಕೊಂದು ಮನೆಯ ಮೆಟ್ಟಿಲು ಹತ್ತಿ

1833ರ ಪ್ಯಾರಿಸ್. ನಿಮ್ಮ ಧರ್ಮಸಭೆ ಹಿಂದೆ ಏನೇನೋ ಮಾಡಿರಬಹುದು, ಈಗೇನು ಮಾಡುತ್ತಿದೆ ಎಂದು ಕಾಲೇಜಿನ ಚರ್ಚಾಕೂಟದಲ್ಲಿ ಯಾರೋ ಕೆಣಕಿದರು. ಇಪ್ಪತ್ತು ವರ್ಷದ ಫ್ರೆಡರಿಕ್ ಓಜನಾಮ್ ವಾದ ಮುಂದುವರಿಸುವ ಬದಲು ಗೆಳೆಯರನ್ನು ಕಟ್ಟಿಕೊಂಡು ಬಡವರ ಮನೆಗಳಿಗೆ ಹೊರಟರು. ನಮ್ಮ ಚರ್ಚುಗಳಲ್ಲಿ ಇಂದಿಗೂ ಇರುವ ವಿನ್ಸೆಂಟ್ ದೇ ಪೌಲ್ ಸಭೆ ಹುಟ್ಟಿದ್ದು ಹೀಗೆ. ಕವರಿನಲ್ಲಿ ಹಣ ಹಾಕಿ ಕಳಿಸುವುದಲ್ಲ ಅದರ ಪದ್ಧತಿ, ಮನೆಗೆ ಹೋಗಿ ಕೂರುವುದು.

ಕೂತರೆ ಮಾತ್ರ ಕೇಳಿಸುತ್ತದೆ. ಹಸಿದವರಲ್ಲಿ, ಜೈಲಿನಲ್ಲಿ ನಾನಿದ್ದೆ ಎಂದು ಯೇಸು ಹೇಳಿದ ಮತ್ತಾಯರ 25ನೇ ಅಧ್ಯಾಯದ ಜನ, ನಿಮ್ಮನ್ನು ಯಾವಾಗ ಕಂಡೆವು ಎಂದು ಆಶ್ಚರ್ಯಪಡುತ್ತಾರೆ. ಕಂಡವರಿಗೂ ಗೊತ್ತಿರಲಿಲ್ಲ, ಕಾಣದವರಿಗೂ ಗೊತ್ತಿರಲಿಲ್ಲ. ಗೋವಾದಿಂದ ಬಂದು 1681ರಿಂದ 1684ರವರೆಗೆ ನಮ್ಮ ಕರಾವಳಿಯಲ್ಲಿ ಸೇವೆ ಮಾಡಿದ ಜೋಸೆಫ್ ವಾಜ್ ಮುಂದೆ ಶ್ರೀಲಂಕಾಕ್ಕೆ ಹೋದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಎದ್ದು ಜನ ಮನೆಯವರನ್ನೇ ಬಿಟ್ಟು ಓಡಿದಾಗ ಇವರು ರೋಗಿಗಳ ಪಕ್ಕದಲ್ಲಿ ಉಳಿದರು. 2015ರಲ್ಲಿ ಸಂತ ಪದವಿ ಬಂತು. ಮುಡಿಪುವಿನಲ್ಲಿ ಇಂದಿಗೂ ಜನ ಅವರ ಹೆಸರಿನಲ್ಲಿ ಗುಡ್ಡ ಹತ್ತುತ್ತಾರೆ.

13. ಆ ಕಡೆಯಿಂದ ಸದ್ದಿಲ್ಲದಾಗಲೂ ಫೋನ್ ಇಡಬೇಡಿ

1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗ್‌ಗೆ ಹೋಗುವ ರೈಲಿನಲ್ಲಿ ಮದರ್ ತೆರೇಸಾರಿಗೆ ಕರೆ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ದಶಕಗಟ್ಟಲೆ ಒಳಗೆ ಬರೀ ಕತ್ತಲು, ಮೌನ. 2007ರಲ್ಲಿ ಅವರ ಪತ್ರಗಳು ಹೊರಬಂದಾಗ ಕೆಲವರು ‘ಅಯ್ಯೋ, ನಂಬಿಕೆಯೇ ಇರಲಿಲ್ಲವಂತೆ’ ಎಂದರು. ನನಗೆ ಅದು ಅಪ್ಪಟ ಮೂರನೆಯ ಕೇಳುವಿಕೆಯಾಗಿ ಕಾಣುತ್ತದೆ. ದನಿ ನಿಂತರೂ ಹೇಳಿದ ಮಾತು ನಿಂತಿರಲಿಲ್ಲ. ಬೆಳಗ್ಗೆ ಎದ್ದು ಪೂಜೆ, ಆಮೇಲೆ ಬೀದಿ.

14. ರಾತ್ರಿ ಐದು ನಿಮಿಷ ಲೆಕ್ಕ ನೋಡಿ

ಮಲಗುವ ಮುನ್ನ ದಿನವನ್ನು ಹಿಂದಕ್ಕೆ ಓಡಿಸಿ. ಒಳ್ಳೆಯದಾದದ್ದಕ್ಕೆ ಕೃತಜ್ಞತೆ ಹೇಳಿ. ಎಲ್ಲಿ ಕಿವಿ ಮುಚ್ಚಿಕೊಂಡೆ, ಯಾರ ಮಾತನ್ನು ನಡುವೆ ತುಂಡರಿಸಿದೆ ಎಂದು ನೋಡಿ. ನಾಳೆಗೊಂದು ಕೆಲಸ ಗೊತ್ತುಮಾಡಿ. ಇದೂ ಇನ್ಯಾಸಿಯವರು ಕಲಿಸಿದ್ದೇ. ನನ್ನ ಲೆಕ್ಕದಲ್ಲಿ ದಿನವೂ ಒಂದು ಬಾಕಿ ಹಾಗೇ ಮುಂದಕ್ಕೆ ಹೋಗುತ್ತಿತ್ತು: ಒಂದು ಫೋನ್. ಕ್ರಿಸ್‌ಮಸ್ ಬಂದುಹೋಯಿತು. ಹೊಸ ವರ್ಷವೂ ಆಯಿತು.

ಅದು ಮತ್ತಾಯರ ವರ್ಷ. ಫೆಬ್ರವರಿಯ ಒಂದು ಶನಿವಾರ ಸಂಜೆ, ಮಾರನೆಯ ದಿನ ಓದುವ ಸರದಿ ನನ್ನದೇ ಆಗಿದ್ದರಿಂದ, ರಿಬ್ಬನ್ ನಂಬದೆ ಮನೆಯಲ್ಲೇ ಕೂತು ವಾಚನ ತಯಾರಿ ಮಾಡಿಕೊಳ್ಳುತ್ತಿದ್ದೆ. ಅದು ಮುಗಿದ ಮೇಲೆ ಶುಭಸಂದೇಶಕ್ಕೆ ಬಂದೆ. ಪೀಠಕ್ಕೆ ಕಾಣಿಕೆ ತಂದವನಿಗೆ ಸೋದರನ ಮನಸ್ತಾಪ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ರಾಜಿಯಾಗಬೇಕೆಂದು ಯೇಸು ಹೇಳುವ ಭಾಗ. ಕನ್ನಡದಲ್ಲಿತ್ತು.

ರಾತ್ರಿ ಒಂಬತ್ತೂಕಾಲು. ಮೂರನೇ ರಿಂಗಿಗೆ ಎತ್ತಿದ.

“ಯಾರ್ ಹೋದ್ರೋ?” ಎಂದ ಅಣ್ಣ, ಗಾಬರಿಯಲ್ಲಿ.

“ಯಾರೂ ಇಲ್ಲ ಕಣಣ್ಣ. ಸುಮ್ನೆ ಮಾಡ್ದೆ.”

ಆ ಕಡೆ ಟಿವಿಯ ಸದ್ದು ಕಡಿಮೆಯಾಯಿತು.

“ಊಟ ಆಯ್ತಾ?” ಎಂದ.